ಎಐ ಟೂಲ್ ಹಾಕುವವರೇ, ಆ ಕಾಪಿ ಬಟನ್ ನಂಬಬೇಡಿ

ಟರ್ಮಿನಲ್‌ನಲ್ಲಿ ಓಡುವ ಒಂದು ಎಐ ಕೋಡಿಂಗ್ ಅಸಿಸ್ಟೆಂಟ್ ಅನ್ನು ಲಿನಕ್ಸ್‌ಗೆ ಹಾಕಲು ಹೋಗಿ ನನ್ನ ಎಪಿಐ ಕೀ (ಎಐ ಸೇವೆ ಬಳಸಲು ಬೇಕಾದ ಗುಟ್ಟಿನ ಕೋಡ್), ಎಸ್‌ಎಸ್‌ಎಚ್ ಕೀ (ಬೇರೆ ಕಂಪ್ಯೂಟರ್‌ಗೆ ಲಾಗಿನ್ ಆಗುವ ಕೀ) ಎರಡೂ ಕಳ್ಳರ ಪಾಲಾದವು. ಸರ್ಚ್‌ನಲ್ಲಿ ಎಲ್ಲಕ್ಕಿಂತ ಮೇಲೆ ಬಂದದ್ದು ಜಾಹೀರಾತು. ಒಳಗಿದ್ದ ಪುಟ ಅಸಲಿಯ ಪಡಿಯಚ್ಚು. ಅದೇ ಲೋಗೋ, ಅದೇ ಬಣ್ಣ, ಇನ್‌ಸ್ಟಾಲ್ ಕಮಾಂಡ್ ಕೂಡ ಅದೇ. ವಿಳಾಸದಲ್ಲಿ ಮಾತ್ರ ಒಂದು ಅಡ್ಡಗೆರೆ ಜಾಸ್ತಿ.

ಮೋಸ ಇದ್ದದ್ದು ಕಾಪಿ ಬಟನ್‌ನಲ್ಲಿ. ಪುಟದಲ್ಲಿ ಕಾಣುವುದು ಒಂದು, ಕ್ಲಿಪ್‌ಬೋರ್ಡ್‌ಗೆ ಬರುವುದು ಇನ್ನೊಂದು. ಮೋಸ ಹೋದಮೇಲೆ ಅದನ್ನೇ ಎಡಿಟರ್‌ನಲ್ಲಿ ಪೇಸ್ಟ್ ಮಾಡಿ ನೋಡಿದೆ. ಉದ್ದನೆಯ ಬೇಸ್64 (ನೇರವಾಗಿ ಓದಲು ಬಾರದಂತೆ ಬದಲಿಸಿದ) ಅಕ್ಷರಗಳ ಸಾಲು, ಅದನ್ನು ಬಿಡಿಸಿ, ಕಮಾಂಡ್ ಓಡಿಸುವ ಬ್ಯಾಶ್‌ಗೆ ಸೀದಾ ಕೊಡುವ ಪೈಪ್. ಕೊನೆಗೆ ಎಂಟರ್ ಕೂಡ ಸೇರಿಸಿದ್ದರು. ಹೊಸ ಬ್ಯಾಶ್ ಅದನ್ನು ತಡೆಯುತ್ತದೆ, ಹಳೆಯದರಲ್ಲಿ ಪೇಸ್ಟ್ ಆದ ಕೂಡಲೇ ಓಡಿಬಿಡುತ್ತದೆ. ನಾನು ಓಡಿಸಿದಾಗ ನಡುವೆ ಸುಡೋ (ಅಡ್ಮಿನ್ ಅಧಿಕಾರದಿಂದ ಕಮಾಂಡ್ ಓಡಿಸುವ ಟೂಲ್) ಪಾಸ್‌ವರ್ಡ್ ಕೇಳಿತು. ಇನ್‌ಸ್ಟಾಲ್ ಅಂದಮೇಲೆ ಕೇಳುವುದೇ ಅಲ್ವಾ? ಕಿಲಾಡಿಗಳು ಅಸಲಿ ಟೂಲ್ ಕೂಡ ಹಾಕಿಕೊಟ್ಟಿದ್ದರು. ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು, ಅನುಮಾನಕ್ಕೆ ಜಾಗವೇ ಇಲ್ಲ.

ಗುಟ್ಟು ಬಯಲಾದದ್ದು ಕೀ ಬಳಕೆಯ ಲೆಕ್ಕ ನೋಡಿದಾಗ. ನಾನು ಮಲಗಿದ್ದ ಹೊತ್ತಿನಲ್ಲೂ ಟೋಕನ್ (ಎಐ ಬಳಕೆ ಅಳೆಯುವ ಲೆಕ್ಕ) ಖರ್ಚಾಗಿತ್ತು. ಟರ್ಮಿನಲ್ ತೆರೆದಾಗಲೆಲ್ಲ ಬ್ಯಾಶ್ ಓದುವ ಬ್ಯಾಶ್‌ಆರ್‌ಸಿ ಫೈಲ್ ತೆರೆದರೆ ಕಟ್ಟಕಡೆಯಲ್ಲಿ ನಾನು ಬರೆಯದ ಒಂದು ಸಾಲು: ಸುಡೋ ಎಂಬ ಹೆಸರಿಗೇ ಅಲಿಯಾಸ್, ಅಂದರೆ ಆ ಹೆಸರು ಹೊಡೆದರೆ ಬೇರೆಯದೇ ಓಡುವ ಏರ್ಪಾಡು! ಅದು ಕರೆಯುತ್ತಿದ್ದದ್ದು ಚುಕ್ಕೆಯಿಂದ ಶುರುವಾಗುವ ಫೋಲ್ಡರ್‌ನಲ್ಲಿ ಅಡಗಿದ್ದ ಸ್ಕ್ರಿಪ್ಟನ್ನು. ನಾನು ಪಾಸ್‌ವರ್ಡ್ ಹೊಡೆದಾಗಲೆಲ್ಲ ಅದು ಬರೆದಿಟ್ಟುಕೊಂಡು, ಆಮೇಲೆ ನಿಜವಾದ ಸುಡೋಗೆ ದಾಟಿಸುತ್ತಿತ್ತು.

ನಿಮಗೂ ಹೀಗಾದರೆ ಮೊದಲು ನೆಟ್ ಕಿತ್ತುಹಾಕಿ. ಬೇರೆ ಕಂಪ್ಯೂಟರ್‌ನಿಂದ ಎಲ್ಲ ಕೀಗಳನ್ನೂ ರದ್ದು ಮಾಡಿ. ಆ ಒಂದು ಸಾಲು ಅಳಿಸಿ ಸುಮ್ನೆ ಕೂರಬೇಡಿ. ಕ್ರಾನ್‌ಟ್ಯಾಬ್ (ಹೊತ್ತಿಗೆ ಸರಿಯಾಗಿ ಓಡುವ ಕೆಲಸಗಳ ಪಟ್ಟಿ), ಆಥರೈಸ್ಡ್ ಕೀಸ್ ಫೈಲ್ (ಒಳಗೆ ಬಿಡಬೇಕಾದ ಎಸ್‌ಎಸ್‌ಎಚ್ ಕೀಗಳ ಪಟ್ಟಿ), ಸಿಸ್ಟಮ್‌ಡಿ ಯೂಸರ್ ಸರ್ವಿಸ್‌ಗಳು (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳು), ಎಲ್ಲಿ ಬೇಕಾದರೂ ಬೇರು ಬಿಟ್ಟಿರಬಹುದು. ರೂಟ್, ಅಂದರೆ ಪೂರ್ತಿ ಅಡ್ಮಿನ್ ಅಧಿಕಾರ, ಕಳ್ಳರ ಕೈಗೆ ಸಿಕ್ಕಿದ್ದರೆ ಹುಡುಕುವುದೂ ದಂಡ. ಓಎಸ್ ಹೊಸದಾಗಿ ಹಾಕಿ. ನಾನು ಹಾಗೇ ಮಾಡಿದೆ.

ಅಸಲಿ ಪ್ಯಾಕೇಜ್ ಆದರೆ ಭಯವಿಲ್ಲ ಅಂತಲೂ ಅಲ್ಲ. 2025ರ ಆಗಸ್ಟ್‌ನಲ್ಲಿ ಎನ್‌ಎಕ್ಸ್ ಎಂಬ ಜನಪ್ರಿಯ ಬಿಲ್ಡ್ ಟೂಲ್‌ನ ಕೆಲವು ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಹಾಕುವ ವ್ಯವಸ್ಥೆ) ಆವೃತ್ತಿಗಳಿಗೆ ಕಳ್ಳ ಕೋಡ್ ಸೇರಿತ್ತು. ಇನ್‌ಸ್ಟಾಲ್ ಮುಗಿದ ಕೂಡಲೇ ಓಡುವ ಪೋಸ್ಟ್‌ಇನ್‌ಸ್ಟಾಲ್ ಸ್ಕ್ರಿಪ್ಟ್, ಆ ಕಂಪ್ಯೂಟರ್‌ನಲ್ಲಿ ಎಐ ಟೂಲ್ ಇದೆಯಾ ಎಂದು ನೋಡುತ್ತಿತ್ತು. ಇದ್ದರೆ, ಅನುಮತಿ ಕೇಳದಂತೆ ಮಾಡುವ ಫ್ಲ್ಯಾಗ್ ಹಾಕಿ, ಗುಟ್ಟಿನ ಫೈಲ್‌ಗಳನ್ನು ಹುಡುಕುವ ಕೆಲಸವನ್ನು ಅದಕ್ಕೇ ಒಪ್ಪಿಸುತ್ತಿತ್ತು. ನಮ್ಮ ಟೂಲ್‌ನಿಂದಲೇ ನಮ್ಮ ಮನೆಗೆ ಕನ್ನ.

ಹಾಗಾಗಿ ಈಗ ಜಾಹೀರಾತಿನ ಲಿಂಕ್ ಮುಟ್ಟುವುದಿಲ್ಲ. ಕಮಾಂಡ್ ಏನೇ ಇರಲಿ, ಮೊದಲು ಎಡಿಟರ್‌ನಲ್ಲಿ ಪೇಸ್ಟ್ ಮಾಡಿ ಓದುತ್ತೇನೆ. ಇಂಥ ಟೂಲ್‌ಗಳಿಗೆ ಬೇರೆ ಯೂಸರ್ ಅಕೌಂಟ್ ಮಾಡಿದ್ದೇನೆ, ಅದಕ್ಕೆ ಸುಡೋ ಇಲ್ಲ. ಎನ್‌ಪಿಎಂ ಪರ್ಮಿಷನ್ ಇಲ್ಲ ಎಂದು ಗೊಣಗಿದರೆ ಸುಡೋ ಸೇರಿಸಬೇಡಿ, ಪ್ರಿಫಿಕ್ಸನ್ನು (ಪ್ಯಾಕೇಜ್ ಹೋಗಿ ಕೂರುವ ಜಾಗ) ನಿಮ್ಮ ಹೋಂ ಫೋಲ್ಡರ್‌ಗೆ ಬದಲಿಸಿ. ಕೀಗೆ ತಿಂಗಳ ಖರ್ಚಿನ ಮಿತಿ ಹಾಕುವ ಅವಕಾಶ ಇದ್ದರೆ ಅದನ್ನೂ ಇವತ್ತೇ ಹಾಕಿಬಿಡಿ.