ಸ್ಲೀವ್ ಬಿಚ್ಚಿ ನೋಡದೆ ರೆಡಿ ಡೆಕ್ ತಗೋಬೇಡಿ: ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಹೋದ ನನ್ನ 6,500 ರೂಪಾಯಿ

ಹಾಸನ, ಚಿಕ್ಕಮಗಳೂರು ಕಡೆ ಪೋಕೆಮಾನ್ ಕಾರ್ಡ್ ಗೇಮನ್ನು ನಿಯಮದ ಪ್ರಕಾರ ಆಡುವವರು ಬೆರಳೆಣಿಕೆಯಷ್ಟು ಜನ. ಅದರಲ್ಲೂ ಅರ್ಧ ಸ್ಕೂಲ್ ಹುಡುಗರು. ಹಾಗಾಗಿ ಇದನ್ನು ಓದಿದವರಿಗೆ ನಾನು ಯಾರು ಅಂತ ಗೊತ್ತಾಗಿಬಿಡಬಹುದು. ನಾಚಿಕೆ ಆಗುತ್ತೆ, ಆದರೂ ಬರೆಯುತ್ತಿದ್ದೇನೆ. ನನಗೆ ಟೋಪಿ ಹಾಕಿದ ಮನುಷ್ಯ ಇನ್ನೂ ಡೆಕ್ ಮಾರುತ್ತಲೇ ಇದ್ದಾನೆ.

ನನಗೆ ಈ ಹುಚ್ಚು ಹಿಡಿದಿದ್ದು ಅಕ್ಕನ ಮಗನಿಂದ. ಅವನು ಸ್ಕೂಲ್ ಹತ್ತಿರದ ಅಂಗಡಿಯಿಂದ ಹತ್ತು ರೂಪಾಯಿ ಪ್ಯಾಕೆಟ್ ತರುತ್ತಿದ್ದ. ಒಳಗೆ ಚಿನ್ನದ ಬಣ್ಣದ ಪ್ಲಾಸ್ಟಿಕ್ ಕಾರ್ಡ್, ಫಳಫಳ ಹೊಳೆಯುತ್ತಿತ್ತು. ಅವು ನಕಲಿ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಆಮೇಲೆ ನನಗೆ ಪೆಟ್ಟು ಬಿದ್ದಿದ್ದು ಇಲ್ಲೇ. ನಕಲಿ ಅಂದರೆ ಹೀಗೇ ಇರುತ್ತೆ, ಹೊಳೆಯುತ್ತೆ, ದೂರದಿಂದಲೇ ಗೊತ್ತಾಗುತ್ತೆ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಕಾಗದದ ಮೇಲೆ ನೀಟಾಗಿ ಅಚ್ಚು ಹಾಕಿದ ನಕಲಿ ಕೂಡ ಇರುತ್ತೆ ಅಂತ ಯೋಚನೆ ಮಾಡಲೇ ಇಲ್ಲ.

ಗೇಮ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಡೆಕ್ ಅಂದರೆ ಸರಿಯಾಗಿ 60 ಕಾರ್ಡ್, ಒಂದು ಜಾಸ್ತಿ ಇಲ್ಲ, ಒಂದು ಕಮ್ಮಿ ಇಲ್ಲ. ಬೇಸಿಕ್ ಎನರ್ಜಿ (ಪೋಕೆಮಾನ್ ಹೊಡೆಯಲು ಬೇಕಾದ ಶಕ್ತಿಯ ಕಾರ್ಡ್) ಬಿಟ್ಟರೆ ಒಂದೇ ಹೆಸರಿನ ಕಾರ್ಡ್ ನಾಲ್ಕಕ್ಕಿಂತ ಹೆಚ್ಚು ಇರುವಂತಿಲ್ಲ. ಶುರುವಿಗೆ ಏಳು ಕಾರ್ಡ್ ಕೈಗೆ ಬರುತ್ತೆ, ಆರು ಕಾರ್ಡ್ ಪ್ರೈಜ್ ಅಂತ ಪಕ್ಕಕ್ಕೆ ಹೋಗುತ್ತೆ. ಎದುರಾಳಿಯ ಪೋಕೆಮಾನ್ ನಾಕೌಟ್ ಮಾಡಿದ ಹಾಗೆ ಪ್ರೈಜ್ ಎತ್ತಿಕೊಳ್ಳಬೇಕು, ಆರೂ ಮೊದಲು ಎತ್ತಿದವನು ಗೆದ್ದ. ಒಳಗೆ ಯಾವ ಕಾರ್ಡ್ ಇದೆ ಅಂತ ಗೊತ್ತಿಲ್ಲದ ಬೂಸ್ಟರ್ ಪ್ಯಾಕ್ ಒಡೆದು ಒಡೆದು ಡೆಕ್ ಕಟ್ಟುತ್ತೇನೆ ಅಂದರೆ ಸಂಬಳ ಸಾಲಲ್ಲ. ಬೇಕಾದ ಕಾರ್ಡನ್ನು ಬಿಡಿಬಿಡಿಯಾಗಿ ಕೊಳ್ಳಬೇಕು. ಹಾಸನದಲ್ಲಿ ಕೂತು ನಾಲ್ಕು ಊರಿನ ನಾಲ್ಕು ಜನರ ಹತ್ತಿರ ಬಿಡಿ ಕಾರ್ಡ್ ತರಿಸಿದರೆ ಕೊರಿಯರ್ ಖರ್ಚೇ ಕಾರ್ಡಿನ ಅರ್ಧ ಆಗುತ್ತೆ. ಹಾಗಿರುವಾಗ ಯಾರೋ ಒಬ್ಬ "60 ಕಾರ್ಡ್ ರೆಡಿ ಇದೆ, ಟೂರ್ನಮೆಂಟಿಗೆ ಹಾಗೇ ತಗೊಂಡು ಹೋಗಿ ಆಡಬಹುದು" ಅಂದರೆ ದೇವರೇ ಬಂದ ಹಾಗೆ ಅನಿಸುತ್ತೆ, ಅಲ್ವಾ?

2024ರ ಜುಲೈ. ಒಂದು ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂತು. ಚಾರಿಝಾರ್ಡ್ ಇಎಕ್ಸ್ ಡೆಕ್. ಹಸಿರು ಚೌಕಳಿಯ ಟೇಬಲ್ ಬಟ್ಟೆ ಮೇಲೆ 60 ಕಾರ್ಡ್ ಸಾಲಾಗಿ ಜೋಡಿಸಿದ್ದ. ಆಗ ಆ ಡೆಕ್ ಎಲ್ಲ ಕಡೆ ಗೆಲ್ಲುತ್ತಿತ್ತು. ಚಾರಿಝಾರ್ಡ್‌ಗೆ 330 ಎಚ್‌ಪಿ, ಅಂದರೆ ಅಷ್ಟು ಹೊಡೆತ ಬಿದ್ದರೆ ಮಾತ್ರ ನಾಕೌಟ್. ಚಾರ್ಮಾಂಡರ್ ಅನ್ನೋ ಚಿಕ್ಕ ಪೋಕೆಮಾನನ್ನು ಬೆಳೆಸಿ (ಎವಾಲ್ವ್ ಮಾಡಿ) ಅದನ್ನು ಕೈಯಿಂದ ಇಳಿಸಿದ ಕೂಡಲೇ ಡೆಕ್‌ನಿಂದ ಮೂರು ಫೈರ್ ಎನರ್ಜಿ ಎತ್ತಿ ಹಾಕಿಕೊಳ್ಳಬಹುದು. ಹೊಡೆತ 180. ಎದುರಾಳಿ ಎಷ್ಟು ಪ್ರೈಜ್ ಎತ್ತಿದ್ದಾನೋ ಅಷ್ಟು ಸಲ 30 ಸೇರುತ್ತೆ. ಅಂದರೆ ನಾವು ಸೋಲುತ್ತಾ ಹೋದ ಹಾಗೆ ಅದು ಇನ್ನೂ ಜೋರಾಗಿ ಹೊಡೆಯುತ್ತೆ. ನನ್ನಂಥವನಿಗೆ ಹೇಳಿ ಮಾಡಿಸಿದ ಡೆಕ್.

ಅವನು 9,000 ಹೇಳಿದ. ನಾನು 6,500ಕ್ಕೆ ಇಳಿಸಿದೆ. ಅಷ್ಟು ಸುಲಭವಾಗಿ ಇಳಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಚೌಕಾಸಿಯಲ್ಲಿ ಗೆದ್ದೆ ಅಂತ ಖುಷಿಪಟ್ಟೆ. 2,000 ಫೋನ್‌ನಲ್ಲೇ ಅಡ್ವಾನ್ಸ್ ಹಾಕಿದೆ. ಅವನದು ಚಿಕ್ಕಮಗಳೂರು ಕಡೆ ಅಂತೆ. ನಾನು ಹಾಸನ. ಇಬ್ಬರಿಗೂ ನಡುವೆ ಬೇಲೂರು. ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಸಿಗೋಣ ಅಂತ ಆಯ್ತು.

ಆವತ್ತು ಬೆಳಿಗ್ಗೆಯಿಂದ ಬಿಟ್ಟೂಬಿಡದೆ ಜಡಿಮಳೆ. ಬಸ್‌ಸ್ಟ್ಯಾಂಡ್ ಒಳಗೆ ಕಾಲಿಡಲು ಜಾಗ ಇಲ್ಲ, ದೇವಸ್ಥಾನ ನೋಡಲು ಬಂದವರು, ಕೊಡೆ, ಒದ್ದೆ ಬ್ಯಾಗು. ಅವನು ಬೈಕಿನಲ್ಲಿ ಬಂದಿದ್ದ, ಹೆಲ್ಮೆಟ್ ತೆಗೆಯಲಿಲ್ಲ. ಜರ್ಕಿನ್ ಒಳಗಿಂದ ಡೆಕ್ ಬಾಕ್ಸ್ ತೆಗೆದ. ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್, ಅಂದರೆ ಸ್ಲೀವ್, ಹಿಂದುಗಡೆ ಕಪ್ಪು, ಅದರೊಳಗೆ ಇನ್ನೊಂದು ತೆಳು ಸ್ಲೀವ್. ಮುಂದಿನ ಕಡೆಯಿಂದ ನೋಡಿದೆ, ಎಲ್ಲ ಚೆನ್ನಾಗೇ ಕಂಡಿತು. ಒಂದನ್ನು ಬಿಚ್ಚಲು ಹೋದೆ.

"ಅಣ್ಣ, ಬಿಚ್ಚಬೇಡಿ. ಡಬಲ್ ಸ್ಲೀವ್ ಮಾಡಿರೋದು. ಈ ಮಳೇಲಿ ತೇವ ಒಳಗೆ ಹೋದ್ರೆ ಕಾರ್ಡ್ ಬಾಗುತ್ತೆ, ಆಮೇಲೆ ನನ್ನ ಅನ್ಬೇಡಿ."

ಮಾತು ಸುಳ್ಳಲ್ಲ. ಕಾರ್ಡಿಗೆ ತೇವ ತಾಗಿದರೆ ನಿಜವಾಗಿಯೂ ಬಾಗುತ್ತೆ, ಬಾಗಿದ ಕಾರ್ಡನ್ನು ಟೂರ್ನಮೆಂಟಿನಲ್ಲಿ ಗುರುತು ಮಾಡಿದ ಕಾರ್ಡ್ ಅಂತ ಲೆಕ್ಕ ಹಾಕಬಹುದು. ಮೋಸ ಮಾಡುವವನು ನಿಜವನ್ನೇ ಹೇಳಿ ಬಾಯಿ ಮುಚ್ಚಿಸಿದ. ಕೈಯಲ್ಲಿದ್ದ ಕಾರ್ಡನ್ನು ವಾಪಸ್ ಬಾಕ್ಸಿಗೆ ಇಟ್ಟೆ. 4,500 ನೋಟು ಎಣಿಸಿ ಕೊಟ್ಟೆ. ಅವನು ಆ ನೋಟುಗಳನ್ನು ಮಾತ್ರ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ ತಗೊಂಡ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಮುಂದಿನ ಎರಡು ವಾರ ಅಕ್ಕನ ಮಗನ ಜೊತೆ ಊಟದ ಟೇಬಲ್ ಮೇಲೆ ಪ್ರಾಕ್ಟೀಸ್. ಫೋನಿನಲ್ಲಿ ಉಚಿತವಾಗಿ ಸಿಗುವ ಪೋಕೆಮಾನ್ ಟಿಸಿಜಿ ಲೈವ್ ಆಪ್‌ನಲ್ಲಿ ಒಂದು ಸಲ ಆ ಪಟ್ಟಿ ಹಾಕಿ ನೋಡಿದ್ದರೆ ಅರ್ಧ ಮೋಸ ಅಲ್ಲೇ ಬಯಲಾಗುತ್ತಿತ್ತು. ಹಾಕಲಿಲ್ಲ. ಕೈಯಲ್ಲಿ ಕಾರ್ಡ್ ಹಿಡಿದು ಆಡುವ ಮಜಾನೇ ಬೇರೆ ಅಂತ ದೊಡ್ಡದಾಗಿ ಹೇಳಿಕೊಂಡು ಓಡಾಡುತ್ತಿದ್ದೆ.

ಟೂರ್ನಮೆಂಟ್ ಬೆಂಗಳೂರಿನಲ್ಲಿ. ಬೆಳಗಿನ ಜಾವದ ಬಸ್ ಹತ್ತಿದೆ. ಚನ್ನರಾಯಪಟ್ಟಣ ದಾಟುವವರೆಗೂ ಡೆಕ್ ಬಾಕ್ಸ್ ತೊಡೆಯ ಮೇಲೇ ಇತ್ತು. ಅಲ್ಲಿಗೆ ಹೋಗಿ 60 ಕಾರ್ಡಿನ ಪಟ್ಟಿ ಬರೆದು ಕೊಟ್ಟೆ, 500 ಎಂಟ್ರಿ ಕಟ್ಟಿದೆ. ಮೊದಲ ರೌಂಡ್. ಎದುರಿಗೆ ಪಿಯುಸಿ ಓದುವ ಹುಡುಗ. ನನ್ನ ಮೊದಲ ಟರ್ನ್‌ನಲ್ಲೇ ಬ್ಯಾಟಲ್ ವಿಐಪಿ ಪಾಸ್ ಅನ್ನೋ ಕಾರ್ಡ್ ಕೈಯಲ್ಲಿತ್ತು. ಅದನ್ನು ಆಡಬಹುದಾದದ್ದೇ ಮೊದಲ ಟರ್ನ್‌ನಲ್ಲಿ, ಎರಡು ಬೇಸಿಕ್ ಪೋಕೆಮಾನನ್ನು ಡೆಕ್‌ನಿಂದ ನೇರ ಬೆಂಚಿಗೆ (ಆಡಲು ಕಾಯುವ ಪೋಕೆಮಾನ್‌ಗಳ ಸಾಲಿಗೆ) ತರಬಹುದು. ಖುಷಿಯಿಂದ ಇಟ್ಟೆ.

ಹುಡುಗ ಕಾರ್ಡ್ ನೋಡಿದ. ನನ್ನ ಮುಖ ನೋಡಿದ. "ಅಣ್ಣ, ಇದು ಏಪ್ರಿಲ್‌ನಲ್ಲೇ ರೊಟೇಟ್ ಆಯ್ತಲ್ವಾ?" ಅಂದ. ಪಾಪ, ಅವನಿಗೇ ಮುಜುಗರ.

ವಿಷಯ ಏನು ಅಂದರೆ, ಕಾರ್ಡಿನ ಕೆಳಗೆ ಎಡ ಮೂಲೆಯಲ್ಲಿ ಚಿಕ್ಕದಾಗಿ ಒಂದು ಇಂಗ್ಲಿಷ್ ಅಕ್ಷರ ಇರುತ್ತೆ. ಸ್ಟ್ಯಾಂಡರ್ಡ್ ಅನ್ನೋ ಮಾದರಿಯ ಟೂರ್ನಮೆಂಟಿನಲ್ಲಿ ಯಾವ ಅಕ್ಷರದ ಕಾರ್ಡ್ ನಡೆಯುತ್ತೆ ಅನ್ನೋದನ್ನು ಕಂಪನಿ ಆಗಾಗ ಬದಲಾಯಿಸುತ್ತೆ. 2024ರ ಏಪ್ರಿಲ್ 5ಕ್ಕೆ ಇ ಅಕ್ಷರ ಹೊರಗೆ ಹೋಯಿತು. ಮರುವರ್ಷ ಏಪ್ರಿಲ್‌ನಲ್ಲಿ ಎಫ್ ಕೂಡ ಹೋಯಿತು. ಹಳೇ ಅಕ್ಷರದ್ದೆಲ್ಲ ವೇಸ್ಟ್ ಅಂತಲೂ ಅಲ್ಲ. ರೇರ್ ಕ್ಯಾಂಡಿ ಥರದ ಕಾರ್ಡ್ ಹೊಸ ಅಕ್ಷರದಲ್ಲಿ ಮತ್ತೆ ಅಚ್ಚಾಗಿದ್ದರೆ ನಿಮ್ಮ ಹತ್ತಿರ ಇರುವ ಹಳೇ ಪ್ರಿಂಟ್ ಕೂಡ ನಡೆಯುತ್ತೆ. ವಿಐಪಿ ಪಾಸ್ ಇದ್ದಿದ್ದು ಇ ಅಕ್ಷರದಲ್ಲಿ, ಆಗ ಹೊಸ ಅಕ್ಷರದಲ್ಲಿ ಬಂದಿರಲಿಲ್ಲ. ನನ್ನ ಡೆಕ್‌ನಲ್ಲಿ ಅದು ನಾಲ್ಕಿತ್ತು.

ಜಡ್ಜ್ ಬಂದರು. ಒಂದು ಕಾರ್ಡ್ ತಪ್ಪಿದೆ ಅಂದಮೇಲೆ ಪೂರ್ತಿ ಡೆಕ್ ನೋಡಬೇಕು ಅಂತ ಪಕ್ಕದ ಟೇಬಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಅವರು ಮಾಡಿದ ಮೊದಲ ಕೆಲಸವೇ ಸ್ಲೀವ್ ಬಿಚ್ಚಿದ್ದು. ಎರಡು ಸ್ಲೀವ್ ಬಿಚ್ಚಲು ಐದು ಸೆಕೆಂಡ್ ಹಿಡಿಯಿತು. ಚಾರಿಝಾರ್ಡನ್ನು ತಿರುಗಿಸಿ ಒಂದು ಫೈರ್ ಎನರ್ಜಿ ಪಕ್ಕ ಇಟ್ಟರು. ಏನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಎನರ್ಜಿ ಕಾರ್ಡಿನ ಬೆನ್ನು ಗಾಢ ನೀಲಿ. ಚಾರಿಝಾರ್ಡಿನ ಬೆನ್ನು ತೊಳೆದು ತೊಳೆದು ಮಾಸಿದ ಯೂನಿಫಾರ್ಮ್ ಥರ ನೇರಳೆ ತಿರುಗಿದ ನೀಲಿ. ಮೇಲೆ ಬರೆದಿರುವ ಪೋಕೆಮಾನ್ ಅನ್ನೋ ಹೆಸರಿನ ಅಂಚು ಕೂಡ ಕಲಸಿ ಹೋಗಿತ್ತು. ಕಪ್ಪು ಸ್ಲೀವ್ ಇದ್ದಿದ್ದೇ ಇದಕ್ಕೆ.

ಆಮೇಲೆ ಒಂದೊಂದೇ ಹೊರಗೆ ಬಂತು. ಪಿಜಿಯಾಟ್ ಇಎಕ್ಸ್ ಅನ್ನೋ ಇನ್ನೊಂದು ಪೋಕೆಮಾನ್ ಕಾರ್ಡ್ ಎರಡಿತ್ತು, ಎರಡಕ್ಕೂ ಹಳದಿ ಅಂಚು. ಇಂಗ್ಲಿಷ್ ಕಾರ್ಡುಗಳ ಹಳದಿ ಅಂಚು 2023ರ ಸ್ಕಾರ್ಲೆಟ್ ಅಂಡ್ ವಯಲೆಟ್ ಸೆಟ್‌ನಿಂದ ಬೂದು ಬಣ್ಣಕ್ಕೆ ತಿರುಗಿದೆ. ಈ ಪಿಜಿಯಾಟ್ ಬಂದಿದ್ದೇ ಆ ವರ್ಷ ಆಗಸ್ಟಿನಲ್ಲಿ. ಎರಡು ವಾರ ಆ ಹಳದಿಯನ್ನು ದಿನಾ ನೋಡಿದ್ದೇನೆ! ಡೆಕ್‌ನಲ್ಲಿದ್ದ ಬೇರೆ ಹಳೇ ಕಾರ್ಡುಗಳಿಗೂ ಹಳದಿ ಅಂಚೇ ಇದ್ದದ್ದರಿಂದ ಇದೂ ಹಾಗೇ ಇರಬಹುದು ಅಂದುಕೊಂಡಿದ್ದೆ. ಕೊನೆಗೆ ಲೆಕ್ಕ ಹಾಕಿದರೆ 19 ನಕಲಿ, ಬೆಲೆ ಇರುವವೆಲ್ಲ ಅದರಲ್ಲೇ. ಚಿಲ್ಲರೆ ಟ್ರೈನರ್ ಕಾರ್ಡು, ಚಾರ್ಮಾಂಡರು, ಎನರ್ಜಿ ಎಲ್ಲ ಅಸಲಿ. ಅಪ್ಪ ಬಿತ್ತನೆ ಆಲೂಗಡ್ಡೆ ಮೂಟೆ ತರುವಾಗ ಬಾಯಿ ಬಿಚ್ಚಿ, ಕೈ ತಳಕ್ಕೆ ಹಾಕಿ, ಒಂದು ಗಡ್ಡೆ ಕೊಯ್ದು ನೋಡಿಯೇ ದುಡ್ಡು ಕೊಡೋದು. ಅವರ ಜೊತೆ ಎಪಿಎಂಸಿಗೆ ಎಷ್ಟು ಸಲ ಹೋಗಿದ್ದೆನೋ.

"ಎಲ್ಲಿ ತಗೊಂಡ್ರಿ?" ಅಂತ ಜಡ್ಜ್ ಕೇಳಿದರು. ಹೇಳಿದೆ. ಬೇಕಂತಲೇ ತಂದಿದ್ದಲ್ಲ ಅಂತ ಅವರಿಗೆ ಅನಿಸಿರಬೇಕು, ಹೊರಗೆ ಹಾಕಲಿಲ್ಲ. ಆ ಗೇಮ್ ಸೋತ ಲೆಕ್ಕ. 19 ನಕಲಿ, 4 ವಿಐಪಿ ಪಾಸ್, ಒಟ್ಟು 23 ಕಾರ್ಡಿನ ಜಾಗಕ್ಕೆ ಬೇಸಿಕ್ ಎನರ್ಜಿ ತುಂಬಿಸಿ ಆಡಬಹುದು ಅಂದರು. ಡೆಕ್‌ನಲ್ಲಿ ಮೊದಲೇ 6 ಎನರ್ಜಿ ಇತ್ತು, ಈಗ 29 ಆಯ್ತು. ಒಂದು ಟರ್ನಿಗೆ ಹಾಕಲು ಬಿಡೋದು ಒಂದೇ ಎನರ್ಜಿ. ಚಾರಿಝಾರ್ಡ್ ಇಲ್ಲದ ಚಾರ್ಮಾಂಡರ್ ಮೇಲೆ ಟರ್ನಿಗೊಂದು ಬೆಂಕಿ ಹಾಕುತ್ತಾ ಕೂತೆ. ಎರಡನೇ ರೌಂಡ್‌ನಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನನ್ನು ಹತ್ತು ನಿಮಿಷದಲ್ಲಿ ಮುಗಿಸಿ, "ಅಂಕಲ್, ನಿಮ್ಮ ಡೆಕ್‌ನಲ್ಲಿ ಬರೀ ಎನರ್ಜಿನಾ?" ಅಂತ ಕೇಳಿದಳು. ಮೂರನೇ ರೌಂಡಿಗೆ ಕೂರಲಿಲ್ಲ, ಬಸ್ ಹತ್ತಿದೆ.

ರಾತ್ರಿ ಮಾರಿದವನಿಗೆ ಮೆಸೇಜ್ ಹಾಕಿದೆ. ನೀಲಿ ಟಿಕ್ ಬಂತು. ಅರ್ಧ ಗಂಟೆ ಆದಮೇಲೆ "ನಾನೂ ಬೇರೆಯವರ ಹತ್ರ ತಗೊಂಡಿದ್ದು ಅಣ್ಣ, ನಂಗೇನ್ ಗೊತ್ತು" ಅಂತ ಒಂದು ಸಾಲು. ಬೆಳಿಗ್ಗೆ ನೋಡಿದರೆ ಬ್ಲಾಕ್. ಗುಂಪಿನಿಂದಲೂ ನನ್ನನ್ನು ತೆಗೆದಿದ್ದರು. ಅಡ್ಮಿನ್ ಅವನೇನಾ, ಅವನ ಗೆಳೆಯನಾ, ದೇವರಿಗೇ ಗೊತ್ತು. 1930ಕ್ಕೆ ಫೋನ್ ಮಾಡಿ ಆ 2,000ದ ಬಗ್ಗೆ ದೂರು ಬರೆಸಿದೆ. ಆನ್‌ಲೈನ್‌ನಲ್ಲಿ ದುಡ್ಡು ಹೋದರೆ ಆ ನಂಬರಿಗೆ ಆದಷ್ಟು ಬೇಗ ಫೋನ್ ಮಾಡಬೇಕು, ನಾನು ಮಾಡುವ ಹೊತ್ತಿಗೆ ಹದಿನೈದು ದಿನದ ಮೇಲಾಗಿತ್ತು. ಕೈಯಲ್ಲಿ ಕೊಟ್ಟ 4,500ಕ್ಕೆ ಸಾಕ್ಷಿಯೇ ಇಲ್ಲ. ಮನೆಯಲ್ಲಿ ಹೇಳಿದಾಗ ಅಪ್ಪ ಬೈಯಲಿಲ್ಲ. "ಇಸ್ಪೀಟಾ?" ಅಂದರು. ಅಲ್ಲಪ್ಪ, ಬೇರೆ ಗೇಮು ಅಂದೆ. "ಇಸ್ಪೀಟ್ ಆಗಿದ್ರೆ ಎಲೆನಾದ್ರೂ ಅಸಲಿ ಇರ್ತಿತ್ತು" ಅಂದು ಎದ್ದು ಹೋದರು.

ಈಗ ನಾನು ಹೇಗೆ ನೋಡುತ್ತೇನೆ ಅಂತ ಹೇಳಿಬಿಡುತ್ತೇನೆ. ಜೇಬಿನಲ್ಲಿ ಒಂದು ಅಸಲಿ ಎನರ್ಜಿ ಕಾರ್ಡ್ ಸದಾ ಇರುತ್ತೆ. ಕೊಳ್ಳುವ ಕಾರ್ಡನ್ನು ಎರಡೂ ಸ್ಲೀವ್ ಬಿಚ್ಚಿಸಿ ಬೆನ್ನಿಗೆ ಬೆನ್ನು ಹಿಡಿಯುತ್ತೇನೆ. ಬಣ್ಣ ಬೇರೆ ಅಂದರೆ ಅಲ್ಲಿಗೆ ಮುಗೀತು. ಅಳತೆ ಕೂಡ ಹೊಂದಬೇಕು, ಅಸಲಿ 63 ಮಿಲಿಮೀಟರ್ ಅಗಲ, 88 ಮಿಲಿಮೀಟರ್ ಉದ್ದ. ಆಮೇಲೆ ಫೋನಿನ ಟಾರ್ಚ್. ಅಸಲಿ ಕಾರ್ಡಿನ ಕಾಗದದ ನಡುವೆ ಕಪ್ಪು ಪದರ ಇರುತ್ತೆ, ಬೆಳಕು ಅಷ್ಟಾಗಿ ದಾಟಲ್ಲ. ನನ್ನ ನಕಲಿ ಚಾರಿಝಾರ್ಡ್ ಹಿಂದೆ ಟಾರ್ಚ್ ಇಟ್ಟರೆ ಬೆರಳಿನ ನೆರಳು ಕಾಣುತ್ತೆ. ಇಡೀ ಕಾರ್ಡಿನ ತುಂಬ ಚಿತ್ರ ಇರುವ ದುಬಾರಿ ಫುಲ್ ಆರ್ಟ್ ಆದರೆ ಉಗುರಿನಿಂದ ಮೆಲ್ಲಗೆ ಸವರಿ. ಈಗಿನ ಅಸಲಿಯಲ್ಲಿ ಬೆರಳಚ್ಚಿನ ಥರ ಸಣ್ಣ ಗೆರೆ ತಾಗುತ್ತೆ, ನಕಲಿ ಸಾಮಾನ್ಯವಾಗಿ ನುಣ್ಣಗಿರುತ್ತೆ. ಅಕ್ಷರ, ಅಂಚಿನ ಬಣ್ಣ ನೋಡಿ. ಡೆಕ್ ಪಟ್ಟಿಯನ್ನು ಮೊದಲೇ ಕೇಳಿ ಆಪ್‌ಗೆ ಹಾಕಿ, ಕೊಡಲ್ಲ ಅಂದರೆ ಬೇಲೂರಿಗೆ ಹೋಗೋದೇ ಬೇಡ. ಮಳೆ ಬರುತ್ತಿದ್ದರೆ ಪಕ್ಕದ ಹೋಟೆಲ್‌ನಲ್ಲಿ ಕೂತು ಕಾಫಿ ಹೇಳಿ. ಇಪ್ಪತ್ತು ರೂಪಾಯಿ ಕಾಫಿಗೆ ಸಮಯ ಇಲ್ಲ ಅನ್ನುವವನಿಗೆ ಆರು ಸಾವಿರ ಕೊಡುವ ಅಗತ್ಯ ಇಲ್ಲ.

ಆ 19 ಕಾರ್ಡಿನ ಹಿಂದೆ ಮಾರ್ಕರ್‌ನಲ್ಲಿ ದಪ್ಪಗೆ "ನಕಲಿ" ಅಂತ ಬರೆದು, ಒಂದು ಮೂಲೆ ಕತ್ತರಿಸಿ ಅಕ್ಕನ ಮಗನಿಗೆ ಕೊಟ್ಟಿದ್ದೇನೆ. ಒಂದು ಅವನ ಗಣಿತದ ಪುಸ್ತಕದಲ್ಲಿದೆ, ಪುಟ ಗುರುತಿಗೆ.

ಮೊನ್ನೆ ಗೆಳೆಯನೊಬ್ಬ ಇನ್ನೊಂದು ಗುಂಪಿನ ಸ್ಕ್ರೀನ್‌ಶಾಟ್ ಕಳಿಸಿ "ಇದು ತಗೋಬಹುದಾ ನೋಡು" ಅಂದ. ಬೇರೆ ನಂಬರ್, ಬೇರೆ ಹೆಸರು, ಬೇರೆ ಡೆಕ್, ಈ ಸಲ 7,500. ಕಪ್ಪು ಸ್ಲೀವ್, ಎಲ್ಲ ಡಬಲ್. ಕೆಳಗೆ ಹಾಸಿದ್ದು ಅದೇ ಹಸಿರು ಚೌಕಳಿ ಬಟ್ಟೆ. ಬಲಗಡೆ ಮೂಲೆಯಲ್ಲಿ ಕಾಫಿ ಲೋಟದ ದುಂಡನೆ ಕಲೆ ಕೂಡ ಹಾಗೇ ಇದೆ.