ಕೊನೆಯ ದಿನಗಳಿಗೆ ಐಸಿಯು, ಹಾಸ್ಪಿಸ್, ಮನೆ: ಯಾವುದು?

ಕ್ಯಾನ್ಸರ್ ಇನ್ನು ವಾಸಿಯಾಗಲ್ಲ ಅಂದಮೇಲೆ ಐಸಿಯು ಯಾಕೆ ಅಂತ ಡಾಕ್ಟರನ್ನು ನೇರವಾಗಿ ಕೇಳಿ. ವೆಂಟಿಲೇಟರ್ ಬೇಡ ಅಂತ ರೋಗಿಯೇ ಮೊದಲೇ ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲೇ ಅದಕ್ಕೆ ಒಪ್ಪಿದೆ.

ಹಾಸ್ಪಿಸ್ ಅಂದರೆ ವಾಸಿಯಾಗದ ರೋಗಿಗಳ ನೋವು ತಗ್ಗಿಸಿ ಕೊನೆಯ ದಿನಗಳಲ್ಲಿ ನೋಡಿಕೊಳ್ಳುವ ಆರೈಕೆ ಕೇಂದ್ರ. ಮುಂಬೈನ ಬಾಂದ್ರಾದ ಶಾಂತಿ ಅವೇದನಾ ಸದನ 1986ರಲ್ಲಿ ಶುರುವಾದ, ದೇಶದ ಮೊದಲ ಹಾಸ್ಪಿಸ್. ಕ್ಯಾನ್ಸರ್ ರೋಗಿಗಳ ಆರೈಕೆ ಅಲ್ಲಿ ಉಚಿತ. ನೋವಿಗೆ ಮದ್ದು, ಹುಣ್ಣಿಗೆ ಡ್ರೆಸ್ಸಿಂಗ್ ಎಲ್ಲ ಪಳಗಿದ ಕೈಗಳಿಂದ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ ಒಂಟಿ ಅನಿಸಬಹುದು, ಅಷ್ಟೇ.

ಮನೆಯಲ್ಲಿ ಗಂಜಿ, ಮಾತು, ಮೊಮ್ಮಕ್ಕಳು ಇದ್ದಾರೆ. ಆದರೆ ಮುಂಬೈ ಪಕ್ಕದ ಡೊಂಬಿವಲಿಯ ಒಂದೇ ರೂಮಿನ ಮನೆಯಲ್ಲಿ ಡೈಪರ್ ಬದಲಿಸುವಾಗ ಮರೆ ಎಲ್ಲಿ? ಮಾನ ಅಂದರೆ ಅದೂ ಅಲ್ವಾ! ಒಂದು ಪರದೆ ಕಟ್ಟಿ. ಅಜ್ಜಿಯನ್ನು ಕೇಳದೆ ಬಟ್ಟೆ ಸರಿಸಬೇಡಿ. ನೋಡಿಕೊಳ್ಳಲು ಇಬ್ಬರಿದ್ದು, ರಾತ್ರಿ ಫೋನ್ ಎತ್ತುವ ನರ್ಸ್ ಸಿಕ್ಕರೆ ನನ್ನ ಓಟು ಮನೆಗೇ. ಇಲ್ಲದಿದ್ದರೆ ಹಾಸ್ಪಿಸ್.