ಹೊಲಿಗೆ ಮಿಷನ್ ಪಕ್ಕದ ಪುಟ್ಟ ಪೆಡಲ್: ಎಂಟು ತಿಂಗಳು ತುಳಿದ ಮೇಲೆ

ನನಗೆ ಈಗ 62 ವರ್ಷ. ತಿಪಟೂರಿನಲ್ಲಿ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. 34 ವರ್ಷದಿಂದ ಇದೇ ಕೆಲಸ. ಹತ್ತು ತಿಂಗಳ ಹಿಂದೆ ಬೆಂಗಳೂರಿನಲ್ಲಿ ಎಡಗಾಲಿನ ಮಂಡಿ ಬದಲಾಯಿಸಿದರು. ನಡೆಯುವಾಗ ಇದ್ದ ಆ ಹಳೇ ನೋವು, ಮೂಳೆಗೆ ಮೂಳೆ ಉಜ್ಜಿದ ಹಾಗಿದ್ದ ನೋವು, ಆಪರೇಷನ್ ಆದ ಮೇಲೆ ಮತ್ತೆ ಬರಲೇ ಇಲ್ಲ. ಆದರೆ ಬೇರೆ ಒಂದು ತೊಂದರೆ ಶುರುವಾಯಿತು. ಅರ್ಧ ಗಂಟೆ ಕೂತು ಎದ್ದರೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಅದಕ್ಕಂತ ತರಿಸಿದ, ಕೂತಲ್ಲೇ ತುಳಿಯುವ ವ್ಯಾಯಾಮದ ಪೆಡಲ್ ಬಗ್ಗೆ ಈ ಬರಹ.

ಅದನ್ನು ನೋವು ಅನ್ನೋಕಾಗಲ್ಲ, ಬಿಗಿ. ಅಳತೆಗಿಂತ ಒಂದಿಂಚು ಕಡಿಮೆ ಇಟ್ಟು ಹೊಲಿದ ತೋಳಿನೊಳಗೆ ಕೈ ತೂರಿಸಿದರೆ ಹೇಗಿರುತ್ತದೆ, ಹಾಗೆ. ಎದ್ದು ಟೇಬಲ್ ಹಿಡಿದು ನಿಂತರೆ ಮೊದಲ ಹತ್ತು ಹೆಜ್ಜೆ ಕಾಲು ಮಡಚುತ್ತಲೇ ಇರಲಿಲ್ಲ. ಹನ್ನೊಂದನೇ ಹೆಜ್ಜೆಗೆ ಸಡಿಲವಾಗುತ್ತಿತ್ತು. ಬ್ಲೌಸ್ ಟ್ರಯಲ್‌ಗೆ ಬಂದವರು ಬಾಗಿಲಲ್ಲಿ ಕಾಯುತ್ತಿದ್ದರೆ ಆ ಹತ್ತು ಹೆಜ್ಜೆ ತುಂಬ ದೂರ ಅನ್ನಿಸುತ್ತಿತ್ತು.

ಆಪರೇಷನ್ ಕೆಟ್ಟಿತೇನೋ ಅಂತ ಹೆದರಿದ್ದೆ. ಮನೆಗೆ ಬರುತ್ತಿದ್ದ ಫಿಸಿಯೋಥೆರಪಿ ಹುಡುಗಿ ನನ್ನ ಪಕ್ಕ ಕೂತು ಬಿಡಿಸಿ ಹೇಳಿದಳು. ಒಳಗೆ ಹಾಕಿರುವುದು ಲೋಹದ ಭಾಗಗಳು, ನಡುವೆ ಒಂದು ಗಟ್ಟಿ ಪ್ಲಾಸ್ಟಿಕ್ ತುಂಡು. ಬಿಗಿಯಾಗುವುದು ಅದಲ್ಲ. ಅದರ ಸುತ್ತ ಇರುವ ಮಾಂಸ, ಗಾಯ ಮಾಗುತ್ತಿರುವ ಪದರ, ಇನ್ನೂ ಇಳಿಯದ ಊತ, ಸೊರಗಿದ ತೊಡೆಯ ಸ್ನಾಯು. ಅಲ್ಲಾಡದೆ ಕೂತರೆ ಇವೆಲ್ಲ ಇದ್ದಲ್ಲೇ ಬಿಗಿದುಕೊಳ್ಳುತ್ತವೆ. ಹೆಚ್ಚಿನವರಿಗೆ ಇದು ಕೆಲವು ತಿಂಗಳು ಇರುತ್ತದೆ, ಪೂರ್ತಿ ಹೋಗೋಕೆ ಒಂದು ವರ್ಷ ಹಿಡಿದರೂ ಹಿಡಿಯಬಹುದು. ಆಮೇಲೆ ಅವಳು ಹೇಳಿದ ಒಂದು ಮಾತು ಇವತ್ತಿಗೂ ಕಿವಿಯಲ್ಲಿದೆ. "ಅಮ್ಮಾ, ಎದ್ದ ಮೇಲೆ ಸಡಿಲ ಆಗ್ಲಿ ಅಂತ ಕಾಯ್ಬೇಡಿ. ಏಳೋಕೆ ಮುಂಚೆನೇ ಸಡಿಲ ಮಾಡ್ಕೊಳ್ಳಿ."

ಈ ಪೆಡಲ್ ತರಿಸಿದ್ದು ಅದಕ್ಕೇ. ಸೈಕಲ್ಲಿನ ಸೀಟು, ಚಕ್ರ, ಹ್ಯಾಂಡಲ್ ಎಲ್ಲ ತೆಗೆದು ಬರೀ ಪೆಡಲ್ ಉಳಿಸಿದರೆ ಹೇಗೋ ಹಾಗಿದೆ. ಕುರ್ಚಿಯಲ್ಲಿ ಕೂತು ನೆಲದ ಮೇಲೆ ಇಟ್ಟುಕೊಂಡು ತುಳಿಯುವುದು. ಮಗ ಆನ್‌ಲೈನಲ್ಲಿ 1,750 ರೂಪಾಯಿಗೆ ತರಿಸಿದ. 2017ರಲ್ಲಿ ಸರ್ಕಾರ ಮಂಡಿ ಇಂಪ್ಲಾಂಟಿನ, ಅಂದರೆ ಒಳಗೆ ಹಾಕುವ ಆ ಭಾಗಗಳ, ಬೆಲೆಗೆ ಮಿತಿ ಹಾಕಿದ್ದರೂ ಆಸ್ಪತ್ರೆ, ರೂಮು, ಔಷಧಿ ಅಂತ ನಮಗೆ ದೊಡ್ಡ ಖರ್ಚೇ ಬಂದಿತ್ತು. ಅದರ ಮುಂದೆ ಇದು ಸಣ್ಣದು. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಥರದ್ದು ಹತ್ತಾರು ಹೆಸರಲ್ಲಿ ಸಿಗುತ್ತದೆ.

ಜೋಡಿಸುವಾಗಲೇ ಒಂದು ಎಡವಟ್ಟಾಯಿತು. ಎಡ ಪೆಡಲ್ ಕೂರುತ್ತಲೇ ಇರಲಿಲ್ಲ. ಮಗ ಜೋರು ಮಾಡಿ ತಿರುಗಿಸಿ ಥ್ರೆಡ್ ಸ್ವಲ್ಪ ಹಾಳು ಮಾಡಿದ. ಆಮೇಲೆ ಬೀದಿಯ ಸೈಕಲ್ ಶಾಪಿನವರು ಬಂದು ತೋರಿಸಿದರು. ಸೈಕಲ್ಲಿನಂತೆ ಇದರಲ್ಲೂ ಎಡಗಡೆ ಥ್ರೆಡ್ ಉಲ್ಟಾ. ಬಲ ಪೆಡಲ್ ಬಿಗಿಯಾಗುವ ದಿಕ್ಕಿಗೆ ತಿರುಗಿಸಿದರೆ ಎಡದ್ದು ಬಿಚ್ಚಿಕೊಳ್ಳುತ್ತದೆ. ಪೆಡಲ್ ಮೇಲೆ ಎಲ್, ಆರ್ ಅಂತ ಅಕ್ಷರ ಇರುತ್ತದೆ, ಮೊದಲು ಅದನ್ನು ನೋಡಿ. ಜೊತೆಗೆ ಬಂದ ಕಾಗದದಲ್ಲಿ ಈ ವಿಷಯ ಒಂದು ಸಾಲೂ ಇರಲಿಲ್ಲ.

ಆಪರೇಷನ್ ಆದ ಏಳನೇ ವಾರದಲ್ಲಿ, ಡಾಕ್ಟರ್ ಸರಿ ಅಂದ ಮೇಲೆ ಶುರು ಮಾಡಿದೆ. ಆಸ್ಪತ್ರೆಯಿಂದ ಬರುವಾಗ ನನ್ನ ಮಂಡಿ 75 ಡಿಗ್ರಿ ಮಡಚುತ್ತಿತ್ತು (ಕಾಲು ನೇರ ಇದ್ದರೆ ಸೊನ್ನೆ ಅಂತ ಲೆಕ್ಕ). ಆರನೇ ವಾರಕ್ಕೆ 95. ಮೊದಲ ದಿನ ಪೂರ್ತಿ ಸುತ್ತು ಬರಲಿಲ್ಲ. ಪೆಡಲ್ ಮೇಲಕ್ಕೆ ಬರುವ ಹೊತ್ತಿಗೆ ಮಂಡಿ ತಡೆದು ನಿಲ್ಲುತ್ತಿತ್ತು. ಒತ್ತಬೇಡಿ ಅಂದಿದ್ದಳು ಆ ಹುಡುಗಿ. ತಡೆಯುವ ಜಾಗದವರೆಗೆ ಹೋಗಿ ವಾಪಸ್, ಮತ್ತೆ ಹೋಗಿ ವಾಪಸ್. ತೊಟ್ಟಿಲು ತೂಗಿದ ಹಾಗೆ. ನಾಲ್ಕನೇ ದಿನ ಹಿಂದಕ್ಕೆ ತುಳಿಯುವಾಗ ಒಂದು ಸುತ್ತು ಪೂರ್ತಿಯಾಯಿತು. ಮುಂದಕ್ಕೆ ಬರಲು ಇನ್ನೂ ಒಂದು ವಾರ ಬೇಕಾಯಿತು. ಅವತ್ತು ನಮ್ಮ ಯಜಮಾನರನ್ನು ಅಡುಗೆಮನೆಯಿಂದ ಕೂಗಿ ಕರೆದು ತೋರಿಸಿದೆ.

ಮದುವೆಯಾದ ಹೊಸದರಲ್ಲಿ ನಾನು ತುಳಿಯುತ್ತಿದ್ದದ್ದು ಕಾಲು ಮಿಷನ್. ಆಮೇಲೆ ಮೋಟಾರ್ ಹಾಕಿಸಿದೆವು. ಮೋಟಾರ್ ಬಂದ ಮೇಲೆ ಬಲಗಾಲಿನ ಮುಂಪಾದ ಮಾತ್ರ ಕೆಲಸ ಮಾಡುತ್ತದೆ. ಎಡಗಾಲು ಕುರ್ಚಿ ಕೆಳಗೆ ಹಿಂದಕ್ಕೆ ಮಡಚಿಕೊಂಡು ಸುಮ್ನೆ ಬಿದ್ದಿರುತ್ತದೆ. ಆಪರೇಷನ್ ಆಗಿದ್ದು ಅದೇ ಕಾಲು. ಬಿಗಿ ಯಾಕೆ ಬರುತ್ತಿತ್ತು ಅಂತ ಗೊತ್ತಾದ ಮೇಲೆ ಪೆಡಲನ್ನು ಮಿಷನ್ ಪಕ್ಕಕ್ಕೇ ತಂದಿಟ್ಟೆ. ಬಾಬಿನ್ ದಾರ ಖಾಲಿಯಾದಾಗ ಸ್ಟೂಲ್ ತಿರುಗಿಸಿ ಇಪ್ಪತ್ತು ಸುತ್ತು ತುಳಿದು, ಎರಡು ಸಲ ಕಾಲನ್ನು ಪೂರ್ತಿ ನೀಟಿ, ಆಮೇಲೆ ಏಳುವುದು. ಬಾಬಿನ್ ತಡವಾಗಿ ಮುಗಿಯುವ ಕೆಲಸವಾದರೆ ಫೋನಿನಲ್ಲಿ 40 ನಿಮಿಷಕ್ಕೆ ಅಲಾರಾಂ. ಈ ಇಪ್ಪತ್ತು ಸುತ್ತಿಗೆ ಒಂದು ನಿಮಿಷವೂ ಬೇಡ. ಹತ್ತು ಬಿಗಿ ಹೆಜ್ಜೆ ಎರಡಕ್ಕೆ ಇಳಿದಿದೆ. ಕೆಲವು ದಿನ ಅದೂ ಇರುವುದಿಲ್ಲ. ಈಗ ಮಂಡಿ 115 ಡಿಗ್ರಿ ಮಡಚುತ್ತದೆ. ಅದೆಲ್ಲ ಪೆಡಲಿನಿಂದಲೇ ಬಂತು ಅಂತ ನಾನು ಹೇಳುವುದಿಲ್ಲ. ಹಾಸಿಗೆ ಮೇಲೆ ಹಿಮ್ಮಡಿ ಎಳೆಯುವ ವ್ಯಾಯಾಮ, ಹಿಮ್ಮಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಮಂಡಿಯನ್ನು ಕೆಳಕ್ಕೆ ಒತ್ತುವುದು, ಇವನ್ನು ಒಂದು ದಿನವೂ ಬಿಟ್ಟಿಲ್ಲ. ಆದರೆ ಕೂತು ಏಳುವಾಗಿನ ಬಿಗಿಗೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ಈಗ ಇದರ ದೋಷಗಳು. ಮೊದಲನೆಯದು ಜಾರುವುದು. ಟೈಲ್ಸ್ ನೆಲದ ಮೇಲೆ ತುಳಿದರೆ ಒಂದೊಂದೇ ಇಂಚು ಮುಂದಕ್ಕೆ ಹೋಗುತ್ತದೆ. ಕಾಲಿನ ರಬ್ಬರ್ ಬುಡ ಹೆಸರಿಗೆ ಮಾತ್ರ. ಮುಂದಕ್ಕೆ ಹೋದಂತೆಲ್ಲ ನಾವು ಕುರ್ಚಿಯಲ್ಲಿ ಜಾರಿ ಕೂರುತ್ತೇವೆ, ಸೊಂಟ ನೋಯುತ್ತದೆ. ನಾನು ಅದರ ಕೆಳಗೆ ಯೋಗ ಮ್ಯಾಟ್ ಹಾಕಿ, ಕ್ಯಾನ್ವಾಸ್ ಪಟ್ಟಿ ಹೊಲಿದು ಪೆಡಲಿನ ಚೌಕಟ್ಟನ್ನು ಸ್ಟೂಲಿನ ಕಾಲಿಗೆ ಕಟ್ಟಿದ್ದೇನೆ. ಪ್ಲಾಸ್ಟಿಕ್ ಕುರ್ಚಿ ಇರುವವರು ಕುರ್ಚಿಯ ಬೆನ್ನನ್ನು ಗೋಡೆಗೆ ಆನಿಸಿ. ಇಲ್ಲದಿದ್ದರೆ ಕುರ್ಚಿಯೇ ಹಿಂದಕ್ಕೆ ಜರುಗುತ್ತದೆ.

ಸುತ್ತು ಎಣಿಸುವ ಚಿಕ್ಕ ಡಿಸ್‌ಪ್ಲೇ ಐದೇ ವಾರಕ್ಕೆ ನಿಂತುಹೋಯಿತು. ಸೆಲ್ ಬದಲಾಯಿಸಿದರೂ ಬರಲಿಲ್ಲ. ಮಾರಿದವರಿಗೆ ಮೂರು ಸಲ ಬರೆದೆ. ಉತ್ತರ ಬಂದಿಲ್ಲ. ದುಡ್ಡು ತೆಗೆದುಕೊಂಡವರು ಒಂದು ಸಾಲು ಬರೆಯಬೇಕಿತ್ತು ಅಲ್ವಾ? ಅದರಲ್ಲೂ ಇದನ್ನು ಕೊಳ್ಳುವವರಲ್ಲಿ ನನ್ನ ವಯಸ್ಸಿನವರೇ ಜಾಸ್ತಿ. ನಮ್ಮಂಥವರಿಗೆ ಹೀಗೆ ಮಾಡಿದರು ಅಂತ ನನಗೆ ಬೇಸರವಿದೆ. ಪಾದ ಹಿಡಿದಿಡುವ ಸ್ಟ್ರಾಪ್ ರಂಧ್ರದ ಹತ್ತಿರ ಹರಿಯಿತು. ಅದಕ್ಕೂ ಕ್ಯಾನ್ವಾಸೇ ಗತಿ. ಸ್ಟ್ರಾಪ್ ಇಲ್ಲದೆ ತುಳಿಯಬೇಡಿ, ಪಾದ ಜಾರಿದರೆ ಮಂಡಿ ತಿರುಚಿಕೊಳ್ಳುತ್ತದೆ.

ಪೆಡಲ್ ತುಳಿಯೋದನ್ನು ಬಿಗಿ ಮಾಡುವ ತಿರುಪು ಒಂದಿದೆ, ಅದನ್ನು ನಾನು ಮುಟ್ಟುವುದೇ ಇಲ್ಲ. ನಮಗೆ ಬೇಕಾದ್ದು ಮಂಡಿ ಅಲ್ಲಾಡುವುದು, ಬಲ ಹಾಕುವುದಲ್ಲ. ಒಂದು ಸಲ ಮೊಮ್ಮಗ ಅದನ್ನು ಬಿಗಿ ಮಾಡಿಟ್ಟಿದ್ದ. ನೋಡದೆ ಹತ್ತು ನಿಮಿಷ ತುಳಿದೆ. ಸಂಜೆ ಮಂಡಿ ಊದಿ ಬಿಸಿಯಾಗಿತ್ತು. ಬಟ್ಟೆಯಲ್ಲಿ ಐಸ್ ಸುತ್ತಿ 15 ನಿಮಿಷ ಇಟ್ಟು, ಕಾಲು ಎತ್ತರಕ್ಕಿಟ್ಟು ಮಲಗಿದೆ. ಬೆಳಿಗ್ಗೆ ಇಳಿದಿತ್ತು. ತುಳಿದ ಮೇಲೆ ಊತ ಹೆಚ್ಚಾದರೆ ಅವತ್ತು ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ಇನ್ನೊಂದು ವಿಷಯ. ಮಲಗುವಾಗ ಹಾಯಾಗುತ್ತದೆ ಅಂತ ಮಂಡಿ ಕೆಳಗೆ ದಿಂಬು ಇಡಬೇಡಿ. ಮಂಡಿ ಅರ್ಧ ಮಡಚಿದ ಹಾಗೆಯೇ ನಿಂತುಬಿಡುತ್ತದೆ, ಪೂರ್ತಿ ನೀಟಲು ಆಗುವುದಿಲ್ಲ. ದಿಂಬು ಹಿಮ್ಮಡಿ ಕೆಳಗಿರಲಿ.

ಪೆಡಲಿನಷ್ಟೇ ಉಪಕಾರ ಮಾಡಿದ್ದು ನಮ್ಮ ಬಡಗಿ. ನನ್ನ ಹಳೇ ಸ್ಟೂಲ್ 16 ಇಂಚು ಎತ್ತರವಿತ್ತು. ತಗ್ಗಿನಲ್ಲಿ ಕೂತರೆ ಏಳುವಾಗ ಮಂಡಿ ತುಂಬ ಮಡಚಬೇಕು. ಅವರು ನಾಲ್ಕು ಕಾಲಿಗೂ ಮೂರಿಂಚಿನ ಹಲಸಿನ ತುಂಡು ಕೂರಿಸಿ, ಮಿಷನ್ ಟೇಬಲನ್ನೂ ಅಷ್ಟೇ ಎತ್ತರಿಸಿದರು. 300 ರೂಪಾಯಿ ತೆಗೆದುಕೊಂಡರು. ಒಳಕ್ಕೆ ಕುಸಿಯುವ ಸೋಫಾದಲ್ಲಿ ನಾನು ಈಗ ಕೂರುವುದೇ ಇಲ್ಲ. ಸೀರೆಗೆ ಫಾಲ್ಸ್ ಹಚ್ಚುವುದನ್ನು ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮಾಡುತ್ತಿದ್ದೆ. ಅದಕ್ಕೂ ಈಗ ಟೇಬಲ್ಲೇ.

ಪೆಡಲನ್ನು ಎಲ್ಲ ಕಡೆ ಹೊತ್ತುಕೊಂಡು ಹೋಗೋಕಾಗಲ್ಲ. ಅರಸೀಕೆರೆಗೆ ನೆಂಟರ ಮದುವೆಗೆ ಹೋದಾಗ ಬಸ್ಸಿನಲ್ಲೂ ಛತ್ರದಲ್ಲೂ ಕೂರುವುದೇ ಆಯಿತು. ಅಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದೆ, ಹಿಮ್ಮಡಿಯನ್ನು ನೆಲದ ಮೇಲೆ ಹಿಂದೆ ಮುಂದೆ ಜಾರಿಸುತ್ತಿದ್ದೆ. ಏಳುವ ಮುಂಚೆ ಕಾಲು ನೀಟಿ ತೊಡೆ ಬಿಗಿ ಹಿಡಿದು ಐದು ಎಣಿಸುತ್ತಿದ್ದೆ. ಚಪ್ಪಲಿ ಬಿಟ್ಟು ಮಾಡಿದರೆ ಹಿಮ್ಮಡಿ ಚೆನ್ನಾಗಿ ಜಾರುತ್ತದೆ. ಪೆಡಲಿನಷ್ಟು ಸಡಿಲ ಬರುವುದಿಲ್ಲ, ಆದರೆ ಊಟದ ಟೇಬಲ್ಲಿನಿಂದ ಯಾರ ಕೈಯನ್ನೂ ಹಿಡಿಯದೆ ಎದ್ದೆ.

ಯಾರು ಕೊಳ್ಳಬಾರದು ಅಂತಲೂ ಹೇಳಬೇಕು. ಹೊಲಿಗೆ ಇನ್ನೂ ಮಾಗದವರು, ಡಾಕ್ಟರನ್ನು ಕೇಳದವರು. ತಿಂಗಳು ಕಳೆದರೂ ಮಂಡಿ 90 ಡಿಗ್ರಿಗೆ ಬರದಿದ್ದರೆ ಪೆಡಲ್ ನಂಬಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ. ಒಳಗೆ ಗಾಯದ ಪದರ ಗಟ್ಟಿಯಾಗಿದ್ದರೆ ಅರಿವಳಿಕೆ ಕೊಟ್ಟು ಮಂಡಿ ಬಗ್ಗಿಸುವ ಚಿಕಿತ್ಸೆ ಇದೆ. ಅದು ಮೊದಲ ಕೆಲವು ತಿಂಗಳಲ್ಲೇ ಆದರೆ ಒಳ್ಳೆಯದು. ಮೀನಖಂಡದಲ್ಲಿ ನೋವು ಬಂದು ಊದಿಕೊಂಡರೆ, ಜ್ವರ ಬಂದರೆ, ಗಾಯದಿಂದ ನೀರು ಸೋರಿದರೆ ಅದು ಬಿಗಿಯ ವಿಷಯವೇ ಅಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಎದೆ ನೋವು, ಉಸಿರಾಟಕ್ಕೆ ಕಷ್ಟ ಆದರಂತೂ ಒಂದು ನಿಮಿಷವೂ ಕಾಯಬೇಡಿ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದನ್ನು ಕಳೆದದ್ದು ಜಾರುವ ಬುಡಕ್ಕೆ ಮತ್ತು ಬಾರದ ಉತ್ತರಕ್ಕೆ. ಡಿಸ್‌ಪ್ಲೇ ಇಲ್ಲದ್ದು ಇನ್ನೂ ಕಡಿಮೆಗೆ ಸಿಗುತ್ತದೆ, ಅದೇ ಸಾಕು. ಸುತ್ತನ್ನು ಬಾಯಲ್ಲೇ ಎಣಿಸಿಕೊಳ್ಳಬಹುದು.

ಸಂಕ್ರಾಂತಿ ಕಳೆದ ಮೇಲೆ ಬಲ ಮಂಡಿಯ ಸರದಿ. ಬಲಗಡೆ ಸ್ಟ್ರಾಪ್ ಇನ್ನೂ ಹರಿದಿಲ್ಲ. ಆದರೂ ಅದಕ್ಕೂ ಈಗಲೇ ಎರಡು ಮಡಿಕೆ ಕ್ಯಾನ್ವಾಸ್ ಹೊಲಿದಿಟ್ಟಿದ್ದೇನೆ.